ಆರಿದ್ರಾ ಮಳೆಯಲ್ಲೂ ಹೊಗೆಯಾಡದ ಸೌದೆ: ಕಡಿಯುವುದು, ಸೀಳುವುದು, ಒಣಗಿಸುವುದು

ಆರಿದ್ರಾ ಮಳೆ ಹಿಡಿದ ದಿನಗಳಲ್ಲಿ ಬಚ್ಚಲೊಲೆಯ ಮುಂದೆ ಕೂತು ಊದುಗೊಳವೆ ಊದಿ ಊದಿ ಕಣ್ಣು ಕೆಂಪಾದರೆ, ತಪ್ಪು ಆಗಿರುವುದು ಆರು ತಿಂಗಳ ಹಿಂದೆ. ಮಲೆನಾಡಿನ ಮಳೆಗಾಲದಲ್ಲಿ ಚೆನ್ನಾಗಿ ಉರಿಯಬೇಕಾದ ಸೌದೆಯನ್ನು ಡಿಸೆಂಬರ್–ಜನವರಿಯಲ್ಲಿ ಕಡಿಯಬೇಕು, ಹಸಿ ಇರುವಾಗಲೇ ಸೀಳಬೇಕು, ಶಿವರಾತ್ರಿಯಿಂದ ಮೇ ಕೊನೆಯವರೆಗೆ ಬಿಸಿಲು ಗಾಳಿಗೆ ಬಿಡಬೇಕು. ರೋಹಿಣಿ ಮಳೆಯ ಹೊತ್ತಿಗೆ, ಅಂದರೆ ಮೇ 25ರ ಸುಮಾರಿಗೆ, ಅದು ಕೊಟ್ಟಿಗೆ ಸೇರಿರಬೇಕು. ಈ ಲೆಕ್ಕ ತಪ್ಪಿದರೆ ಎಷ್ಟು ಒಳ್ಳೆಯ ಜಾತಿಯ ಮರವಾದರೂ ಹೊಗೆಯೇ ಗತಿ.

ಸ್ವಂತ ತೋಟ ಅಥವಾ ಸಣ್ಣ ಜಮೀನು ಇದ್ದು, ವಾರದ ಕೊನೆಯಲ್ಲಿ ನಾಲ್ಕು ತಾಸು ಮೈಮುರಿದು ಕೆಲಸ ಮಾಡುವ ಆಸೆ ಇರುವವರಿಗಾಗಿ ಈ ಬರಹ. ಸೌದೆ ಮಾಡುವುದು ಒಳ್ಳೆಯ ಹವ್ಯಾಸ. ಆದರೆ ಅದರಲ್ಲಿ ಮರ ಬೀಳಿಸುವ ಹತ್ತು ನಿಮಿಷ ಇದೆಯಲ್ಲ, ಅದು ಹವ್ಯಾಸದ ಮಾತಲ್ಲ. ಆ ಭಾಗವನ್ನು ನಿಧಾನವಾಗಿ, ಎರಡು ಸಲ ಓದಿ.

ಎಷ್ಟು ಬೇಕು ಎಂಬ ಲೆಕ್ಕ

ಮೊದಲು ಬೇಕಾದಷ್ಟನ್ನು ಲೆಕ್ಕ ಹಾಕಿ, ಆಮೇಲೆ ಮರ ನೋಡಿ. ನಾಲ್ಕು ಜನರ ಮನೆಯ ಸ್ನಾನಕ್ಕೆ ಹಂಡೆಯಲ್ಲಿ ಸುಮಾರು 60 ಲೀಟರ್ ನೀರು ಕಾಯಿಸುತ್ತೀರಿ ಎಂದುಕೊಳ್ಳೋಣ. ಮಳೆಗಾಲದ 22 ಡಿಗ್ರಿಯ ನೀರನ್ನು 45 ಡಿಗ್ರಿಗೆ ತರಲು 1,380 ಕಿಲೋಕ್ಯಾಲರಿ ಶಾಖ ನೀರಿಗೆ ಸೇರಬೇಕು. ಒಣಗಿದ ಒಂದು ಕಿಲೋ ಸೌದೆಯಲ್ಲಿ ಸುಮಾರು 3,500 ಕಿಲೋಕ್ಯಾಲರಿ ಇರುತ್ತದೆ. ಆದರೆ ಸಾಮಾನ್ಯ ಬಚ್ಚಲೊಲೆಯಲ್ಲಿ ಅದರ ಹತ್ತರಲ್ಲೊಂದು ಪಾಲು ಮಾತ್ರ ನೀರಿಗೆ ತಲುಪುತ್ತದೆ. ಉಳಿದದ್ದು ಗೋಡೆಗೆ, ಗಾಳಿಗೆ. ಹಾಗಾಗಿ ದಿನಕ್ಕೆ 4 ಕಿಲೋ ಬೇಕು. ಕೈ ಬಿಗಿ ಇಲ್ಲದೆ 5 ಕಿಲೋ ಎಂದು ಹಿಡಿಯಿರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ 120 ದಿನಕ್ಕೆ 600 ಕಿಲೋ ಆಯಿತು.

ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ, ಒಂದು ಮೀಟರ್ ಎತ್ತರಕ್ಕೆ ಒತ್ತಾಗಿ ಒಟ್ಟಿದ ಒಣ ಗಟ್ಟಿ ಸೌದೆ ಹೆಚ್ಚುಕಡಿಮೆ 400 ಕಿಲೋ ತೂಗುತ್ತದೆ. ಅಂಥ ಒಂದೂವರೆ ಒಟ್ಟಿಲು ಸ್ನಾನದ ಮನೆಗೆ ಸಾಕು. ಎದೆ ಎತ್ತರದಲ್ಲಿ ಸುತ್ತಳತೆ 3 ಅಡಿ, ಎತ್ತರ 40 ಅಡಿ ಇರುವ ಒಂದು ಅಕೇಶಿಯಾ ಮರದಿಂದ ಕೊಂಬೆ ಸೇರಿ ಸುಮಾರು 200 ಕಿಲೋ ಒಣ ಸೌದೆ ಸಿಗುತ್ತದೆ. ಮೂರು ಮರ, ಅಷ್ಟೇ. ಮರ ಕೊಯ್ಯುವ ಮಿಷನ್ (ಚೈನ್ ಸಾ) ಕೈಗೆ ಬಂದ ಉತ್ಸಾಹದಲ್ಲಿ ಹತ್ತು ಮರ ಕೆಡವಿ, ಸೀಳಲಾಗದೆ ಮಳೆಗೆ ಬಿಟ್ಟು ಕೊಳೆಸುವುದು ಹೊಸಬರಲ್ಲಿ ತೀರಾ ಸಾಮಾನ್ಯ.

ಯಾವ ಮರ, ಯಾರ ಮರ

ನಿಮ್ಮ ಜಮೀನಿನ ಮರವಾದ ಮಾತ್ರಕ್ಕೆ ಕೊಡಲಿ ಹಾಕುವ ಹಕ್ಕು ತಾನಾಗಿ ಬರುವುದಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಖಾಸಗಿ ಜಾಗದ ಮರಕ್ಕೂ ವೃಕ್ಷಾಧಿಕಾರಿಯ ಅನುಮತಿ ಬೇಕು. ನೀಲಗಿರಿ, ಗಾಳಿಮರ, ಸಿಲ್ವರ್ ಓಕ್, ಸುಬಾಬುಲ್, ಹಾಲುವಾಣ, ಗ್ಲಿರಿಸಿಡಿಯಾದಂಥ ಕೆಲವು ಜಾತಿಗಳಿಗೆ ವಿನಾಯಿತಿ ಇದೆ. ಪಟ್ಟಿಗೆ ಆಗಾಗ ತಿದ್ದುಪಡಿ ಆಗುವುದರಿಂದ, ಪಹಣಿ ಪ್ರತಿ ಹಿಡಿದುಕೊಂಡು ಹತ್ತಿರದ ವಲಯ ಅರಣ್ಯ ಕಚೇರಿಗೆ ಒಮ್ಮೆ ಹೋಗಿ ಕೇಳಿ. ಕಡಿದ ಸೌದೆಯನ್ನು ಬೇರೆ ಊರಿಗೆ ಗಾಡಿಯಲ್ಲಿ ಸಾಗಿಸುವುದಿದ್ದರೆ ಅದನ್ನೂ ಅಲ್ಲೇ ಕೇಳಿಕೊಳ್ಳಿ. ಶ್ರೀಗಂಧ, ಬೀಟೆ, ತೇಗದ ತಂಟೆ ಬೇಡ. ಕಾಡಿನಲ್ಲಿ ಬಿದ್ದ ಒಣ ಕಟ್ಟಿಗೆ ಯಾರದೂ ಅಲ್ಲ ಎಂಬ ಮಾತೂ ತಪ್ಪು. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಿಂದ ಬಿದ್ದ ಕಟ್ಟಿಗೆ ತರುವುದನ್ನೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ತಡೆಯುತ್ತದೆ.

ಹವ್ಯಾಸಕ್ಕೆ ಕಡಿಯುವವರಿಗೆ ಮಲೆನಾಡಿನಲ್ಲಿ ಅಕೇಶಿಯಾ ಮತ್ತು ಸಿಲ್ವರ್ ಓಕ್‌ಗಿಂತ ಹೊಂದುವ ಮರ ಬೇರೆ ಇಲ್ಲ. ಅಕೇಶಿಯಾ ಗಟ್ಟಿ, ಕೆಂಡ ಚೆನ್ನಾಗಿ ನಿಲ್ಲುತ್ತದೆ, ಹಸಿಯಲ್ಲಿ ಸಲೀಸಾಗಿ ಸೀಳುತ್ತದೆ. ಸಿಲ್ವರ್ ಓಕ್ ಬೇಗ ಒಣಗುತ್ತದೆ, ಬೇಗ ಹತ್ತುತ್ತದೆ, ಅಷ್ಟೇ ಬೇಗ ಮುಗಿಯುತ್ತದೆ. ಗಾಳಿಮರ ಒಲೆಗೆ ಬಂಗಾರ, ಆದರೆ ಒಣಗಿದ ಮೇಲೆ ಕೊಡಲಿಯನ್ನೇ ತಿರುಗಿಸುವಷ್ಟು ಬಿರುಸು. ನೀಲಗಿರಿಯನ್ನು ಕಡಿದ ವಾರದೊಳಗೆ ಸೀಳದಿದ್ದರೆ ನಾರು ನಾರಿಗೆ ಹೆಣೆದುಕೊಂಡು ಹಟ ಹಿಡಿಯುತ್ತದೆ. ಹಳೆಯ ಕಾಫಿ ಗಿಡ ಕಿತ್ತಾಗ ಸಿಗುವ ಕಾಂಡ ಸಣ್ಣದಾದರೂ ಭಾರವಾದ, ಒಳ್ಳೆಯ ಸೌದೆ, ಬಿಸಾಡಬೇಡಿ. ಮಾವಿಗೆ ಕುಟ್ಟೆ ಹುಳ ಬೇಗ ಹಿಡಿಯುತ್ತದೆ. ಹುಣಸೆ ಉರಿಗೆ ಬಹಳ ಒಳ್ಳೆಯದು, ಸೀಳುವವರ ಭುಜಕ್ಕೆ ಕೆಟ್ಟದ್ದು. ಬೂರುಗ, ಹಾಲುವಾಣಗಳು ಒಣಗಿದರೆ ಬೆಂಡಿನಂತೆ. ಹೊತ್ತು ತಂದ ಶ್ರಮಕ್ಕೆ ಬೆಲೆ ಇಲ್ಲ.

ಕೆಲವನ್ನು ಮುಟ್ಟಲೇಬಾರದು. ಹೊಳಗೇರು, ಚೇರು ಎಂದು ಕರೆಯುವ ಮರಗಳ ಸೊನೆ ಮೈಗೆ ತಾಗಿದರೆ ಸುಟ್ಟಂತೆ ಬೊಬ್ಬೆ ಏಳುತ್ತದೆ. ಕತ್ತರಿಸಿದ ಜಾಗದಲ್ಲಿ ಸೊನೆ ಕಪ್ಪಾಗುತ್ತಾ ಬಂದರೆ ಅಲ್ಲಿಗೇ ನಿಲ್ಲಿಸಿ. ಕಣಗಿಲೆಯ ಹೊಗೆಯೂ ವಿಷ, ಅದರ ಕಡ್ಡಿಯನ್ನು ಅಡುಗೆ ಒಲೆಗೆ ಎಂದೂ ಹಾಕಬೇಡಿ. ಬಣ್ಣ ಬಳಿದ ಹಳೆಯ ಕಿಟಕಿ, ಪ್ಲೈವುಡ್ ಚೂರುಗಳಿಗೂ ಇದೇ ಮಾತು.

ಒಣಗಿ ನಿಂತ ಮರ ಕಂಡರೆ ಸುಲಭದ ಸೌದೆ ಎನಿಸುತ್ತದೆ. ಅನುಭವಸ್ಥರು ಅದಕ್ಕೇ ಹೆಚ್ಚು ಹೆದರುವುದು. ಗರಗಸದ ಅದುರಿಗೆ ಮೇಲಿನ ಒಣ ಕೊಂಬೆ ಮುರಿದು ನೇರ ತಲೆಯ ಮೇಲೆ ಬರುತ್ತದೆ, ಒಳಗೆ ಟೊಳ್ಳಿದ್ದರೆ ಮರ ಬೀಳುವ ದಿಕ್ಕು ಯಾರ ಕೈಯಲ್ಲೂ ಇರುವುದಿಲ್ಲ. ಮರಕುಟಿಗ, ಮಂಗಟ್ಟೆ, ಗೂಬೆಗಳಿಗೆ ಅಂಥ ಪೊಟರೆಗಳೇ ಮನೆ. ತೋಟದ ಅಂಚಿನಲ್ಲಿ, ಯಾರ ಮೇಲೂ ಬೀಳದ ಜಾಗದಲ್ಲಿದ್ದರೆ ಹಾಗೇ ಬಿಟ್ಟುಬಿಡಿ.

ಸಲಕರಣೆ

ಕತ್ತಿ, ಕೊಡಲಿ, ಬಿಲ್ಲು ಗರಗಸ, ಎರಡು ಬೆಣೆ, ಸುತ್ತಿಗೆ, 100 ಅಡಿ ನೈಲಾನ್ ಹಗ್ಗ. ಸುತ್ತಳತೆ ಒಂದೂವರೆ ಅಡಿಯವರೆಗಿನ ಮರಗಳಿಗೆ ಇಷ್ಟೇ ಸಾಕು, ಚೈನ್ ಸಾ ಬೇಕೇ ಬೇಕೆಂದಿಲ್ಲ. ಕೊಡಲಿ ಎರಡು ಇದ್ದರೆ ಒಳ್ಳೆಯದು: ಸವರಲು ತೆಳು ಬಾಯಿಯ ಹಗುರ ಕೊಡಲಿ, ಸೀಳಲು ದಪ್ಪ ಕೆನ್ನೆಯ ಎರಡು ಎರಡೂವರೆ ಕಿಲೋದ್ದು. ಸೀಳುವ ಕೊಡಲಿಯ ಬಾಯಿ ಕ್ಷೌರದ ಕತ್ತಿಯಂತೆ ಇರಬೇಕಾಗಿಲ್ಲ. ಹೆಚ್ಚು ಹರಿತವಾದರೆ ಮರದಲ್ಲಿ ಕಚ್ಚಿಕೊಳ್ಳುತ್ತದೆ. ಕಾವಿಗೆ, ಅಂದರೆ ಕೊಡಲಿಯ ಹಿಡಿಗೆ, ದಡಸಲು ಮರವನ್ನು ಮೀರಿಸುವುದು ಸಿಗಲಾರದು. ನಾರು ನೇರ, ಬಳುಕುತ್ತದೆ, ಪೆಟ್ಟಿನ ಅದುರನ್ನು ಮೊಣಕೈಗೆ ಬಿಡುವುದಿಲ್ಲ. ಕಾವು ಸಡಿಲಾದಾಗ ಕೊಡಲಿಯನ್ನು ನೀರಲ್ಲಿ ನೆನೆಹಾಕುವ ರೂಢಿ ಇದೆ. ಅದು ಆ ದಿನಕ್ಕೆ ಮಾತ್ರ. ಒಣಗಿದಾಗ ಮೊದಲಿಗಿಂತ ಸಡಿಲಾಗುತ್ತದೆ. ಹೊಸ ಬೆಣೆ ಹೊಡೆಯುವುದೇ ಸರಿಯಾದ ದಾರಿ.

ಚೈನ್ ಸಾ ಕೊಳ್ಳುವುದಾದರೆ 14ರಿಂದ 16 ಇಂಚಿನ ಬಾರ್ (ಚೈನ್ ಸುತ್ತುವ ಪಟ್ಟಿ) ಇರುವ ಸಣ್ಣದು ಸಾಕು. ಪೆಟ್ರೋಲ್‌ಗೆ ಬೆರೆಸುವ ಟೂ–ಸ್ಟ್ರೋಕ್ ಆಯಿಲ್ ಸಾಮಾನ್ಯವಾಗಿ ಲೀಟರಿಗೆ 20 ಮಿಲಿ, ಅಂದರೆ 50ಕ್ಕೆ 1. ನಿಮ್ಮ ಮಿಷನ್‌ನ ಪುಸ್ತಕದಲ್ಲಿ ಬೇರೆ ಇದ್ದರೆ ಅದನ್ನೇ ಪಾಲಿಸಿ. ಆಯಿಲ್ ಇಲ್ಲದ ಪೆಟ್ರೋಲ್ ಹಾಕಿ ಓಡಿಸಿದರೆ ಪಿಸ್ಟನ್ ಕೆಲವೇ ನಿಮಿಷದಲ್ಲಿ ಹಿಡಿದುಕೊಳ್ಳುತ್ತದೆ. ಪೆಟ್ರೋಲ್ ತುಂಬಿದಾಗಲೆಲ್ಲ ಚೈನ್ ಆಯಿಲ್ ಕೂಡ ತುಂಬಿ. ಚೈನ್ ಹರಿತವಿದೆಯೇ ಎಂದು ತಿಳಿಯಲು ಉದುರುವ ಪುಡಿ ನೋಡಿ: ಅವಲಕ್ಕಿಯಂತೆ ಚಕ್ಕೆ ಬಂದರೆ ಸರಿ, ಹಿಟ್ಟಿನಂತೆ ಬಂದರೆ ಮೊಂಡಾಗಿದೆ. ಮೊಂಡು ಚೈನನ್ನು ಒತ್ತಿ ಒತ್ತಿ ಕೊಯ್ಯುವಾಗಲೇ ಕೈ ಜಾರುವುದು. ದುಂಡು ಅರದಿಂದ ಪ್ರತಿ ಹಲ್ಲಿಗೂ 30 ಡಿಗ್ರಿ ಓರೆಯಲ್ಲಿ, ಒಳಗಿನಿಂದ ಹೊರಕ್ಕೆ, ಮೂರೇ ಎಳೆತ. ಎಲ್ಲ ಹಲ್ಲಿಗೂ ಸಮ ಎಣಿಕೆ. ಒಂದು ಬದಿಗೆ ಹೆಚ್ಚು ಅರ ಹಾಕಿದರೆ ಕೊಯ್ತ ವಾಲುತ್ತದೆ. ಅರದ ದಪ್ಪ ಚೈನಿನ ಅಳತೆಗೆ ತಕ್ಕದ್ದಿರಬೇಕು. ಸಣ್ಣ ಮಿಷನ್‌ಗಳ ತಗ್ಗು ಹಲ್ಲಿನ ಚೈನಿಗೆ 4 ಮಿಮೀ, ಪಾಯಿಂಟ್ 325 ಇಂಚಿನ ಚೈನಿಗೆ 4.8 ಮಿಮೀ.

ಲುಂಗಿ, ಪಂಚೆ ಉಟ್ಟು ಮಿಷನ್ ಹಿಡಿಯುವುದನ್ನು ಹಳ್ಳಿಯಲ್ಲಿ ದಿನವೂ ನೋಡುತ್ತೇವೆ. ಬೀಸಿದ ಬಟ್ಟೆಯ ಅಂಚನ್ನು ಚೈನ್ ಎಳೆದುಕೊಂಡರೆ ತೊಡೆ ಸೀಳಲು ಅರೆಕ್ಷಣ ಸಾಕು. ದಪ್ಪ ಪ್ಯಾಂಟು, ಸಾಧ್ಯವಾದರೆ ಚೈನ್ ತಡೆಯುವ ಕಾಲುಗವಸು, ಗಟ್ಟಿ ಬೂಟು, ಮುಖಕ್ಕೆ ಜಾಲರಿ ಇರುವ ಹೆಲ್ಮೆಟ್, ಕಿವಿಗೆ ಮುಚ್ಚಳ. ಬಾರ್‌ನ ತುದಿಯ ಮೇಲಿನ ಕಾಲುಭಾಗ ಯಾವುದಕ್ಕೂ ತಾಗಬಾರದು. ತಾಗಿದರೆ ಮಿಷನ್ ಹಿಮ್ಮುಖವಾಗಿ ಮುಖದ ಕಡೆಗೆ ಚಿಮ್ಮುತ್ತದೆ. ಎಡಗೈ ಹೆಬ್ಬೆರಳು ಮುಂದಿನ ಹಿಡಿಯನ್ನು ಸುತ್ತಿಯೇ ಇರಲಿ, ಭುಜಕ್ಕಿಂತ ಎತ್ತರಕ್ಕೆ ಮಿಷನ್ ಎತ್ತಬೇಡಿ, ಏಣಿ ಮೇಲೆ ನಿಂತು ಕೊಯ್ಯಬೇಡಿ.

ಉಣುಗಿನ ಕಾಲವೂ ಇದೇ

ಸೌದೆಯ ಕಾಲ ಮತ್ತು ಮಂಗನ ಕಾಯಿಲೆಯ ಕಾಲ ಎರಡೂ ಒಂದೇ. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ಜ್ವರ ಉಣುಗುಗಳಿಂದ ಹರಡುತ್ತದೆ, ಅದರ ಹಾವಳಿ ಡಿಸೆಂಬರ್‌ನಿಂದ ಮೇ ವರೆಗೆ. ತರಗೆಲೆಯ ಮೇಲೆ ಕೂರುವುದು, ಸೊಪ್ಪಿನ ರಾಶಿಗೆ ಒರಗುವುದು, ಕತ್ತರಿಸಿದ ಕೊಂಬೆಯನ್ನು ಹೆಗಲ ಮೇಲೆ ಹೊತ್ತು ತರುವುದು ಅಪಾಯದ ಕೆಲಸಗಳು. ತುಂಬು ತೋಳಿನ ಅಂಗಿ, ಪ್ಯಾಂಟಿನ ತುದಿ ಕಾಲುಚೀಲದ ಒಳಗೆ. ಪೀಡಿತ ಹಳ್ಳಿಗಳಲ್ಲಿ ಆರೋಗ್ಯ ಇಲಾಖೆ ಹಂಚುವ, ಉಣುಗು ಹತ್ತದಂತೆ ತಡೆಯುವ ಡೇಪಾ ಎಣ್ಣೆಯನ್ನು ಕೈಕಾಲು, ಕುತ್ತಿಗೆಗೆ ಹಚ್ಚಿಕೊಳ್ಳಿ. ಮನೆಗೆ ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ, ಸಾಬೂನು ಹಚ್ಚಿ ಮಿಂದು, ಕಂಕುಳು, ತೊಡೆಸಂದು, ಕಿವಿಯ ಹಿಂದೆ ಹುಡುಕಿ. ಕಾಡಿನ ಕಡೆಯಲ್ಲಿ ಮಂಗ ಸತ್ತದ್ದು ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಿ, ಆ ಕಡೆಯ ಕೆಲಸ ನಿಲ್ಲಿಸಿ. ಕೆಲಸ ಮಾಡಿದ ಮೂರರಿಂದ ಎಂಟು ದಿನದೊಳಗೆ ಏಕಾಏಕಿ ಜ್ವರ, ವಿಪರೀತ ತಲೆನೋವು, ಮೈಕೈ ನೋವು ಬಂದರೆ ಮಾತ್ರೆ ನುಂಗಿ ಕೂರಬೇಡಿ. ವೈದ್ಯರಿಗೆ ಕಾಡಿಗೆ ಹೋದದ್ದನ್ನು ಬಾಯಿಬಿಟ್ಟು ಹೇಳಿ.

ಮರ ಬೀಳಿಸುವುದು

ಮೊದಲ ಎರಡು ವರ್ಷ ಸುತ್ತಳತೆ 3 ಅಡಿ ಮೀರಿದ ಮರಕ್ಕೆ ಕೈ ಹಾಕಬೇಡಿ. ಕರೆಂಟಿನ ತಂತಿಗೆ ಮರದ ಎತ್ತರಕ್ಕಿಂತ ಹತ್ತಿರ ಇರುವುದು, ಮನೆ ಕಡೆಗೆ ವಾಲಿರುವುದು, ಬುಡ ಟೊಳ್ಳಾದದ್ದು, ಎರಡು ಕಾಂಡ ಕವಲೊಡೆದದ್ದು, ಇವು ನಾಲ್ಕೂ ಕೆಲಸ ಬಲ್ಲ ಮರಗೆಲಸದವರಿಗೆ. ತಂತಿಯ ವಿಷಯದಲ್ಲಿ ಲೈನ್‌ಮನ್ ಬಂದು ಕರೆಂಟು ತೆಗೆಯದೆ ಅವರೂ ಮುಟ್ಟಬಾರದು. ಒಬ್ಬರೇ ಇರುವಾಗ ಮರ ಕಡಿಯಲೇಬೇಡಿ. ಜೊತೆಗೆ ಇರುವವರು ಮರದ ಎತ್ತರದ ಎರಡರಷ್ಟು ದೂರ ನಿಲ್ಲಲಿ.

ಎತ್ತರ ತಿಳಿಯುವ ಉಪಾಯ ಸರಳ. ಕಣ್ಣಿನಿಂದ ನೀಡಿದ ಮುಷ್ಟಿಯವರೆಗಿನ ಉದ್ದದ ಕೋಲು ಕತ್ತರಿಸಿ. ಅದನ್ನು ಮುಷ್ಟಿಯ ಮೇಲೆ ನೆಟ್ಟಗೆ ಹಿಡಿದು, ಕೋಲಿನ ಬುಡ ಮರದ ಬುಡಕ್ಕೂ ತುದಿ ಮರದ ತುದಿಗೂ ಹೊಂದುವವರೆಗೆ ಹಿಂದೆ ಹೋಗಿ. ನೀವು ನಿಂತಲ್ಲಿಂದ ಮರಕ್ಕೆ ಇರುವ ದೂರವೇ ಅದರ ಎತ್ತರ.

ಈಗ ಮೇಲೆ ನೋಡಿ. ಹೆಜ್ಜೇನು, ಕಡಜದ ಗೂಡು, ಹಕ್ಕಿಗೂಡು, ಪಕ್ಕದ ಮರಕ್ಕೆ ಹೆಣೆದ ಬಳ್ಳಿ. ಬಳ್ಳಿಯನ್ನು ಹಿಂದಿನ ವಾರವೇ ಬುಡದಲ್ಲಿ ಕತ್ತರಿಸಿ ಒಣಗಲು ಬಿಟ್ಟಿರಬೇಕು. ಹಸಿ ಬಳ್ಳಿ ಬೀಳುವ ಮರವನ್ನು ತಿರುಗಿಸಿ ಎಲ್ಲೋ ಒಗೆಯುತ್ತದೆ. ದಾರಕ್ಕೆ ಕಲ್ಲು ಕಟ್ಟಿ ತೂಗುಗುಂಡಿನಂತೆ ಕಣ್ಣೆದುರು ಹಿಡಿದು, ಎರಡು ದಿಕ್ಕಿನಿಂದ ಮರದ ವಾಲು ನೋಡಿ. ಕೊಂಬೆಯ ಭಾರ ಯಾವ ಕಡೆ ಹೆಚ್ಚಿದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಸಣ್ಣ ಮರವನ್ನು ಅದು ವಾಲಿದ ಕಡೆಗೆ, ಅಥವಾ ಅದರಿಂದ ಸ್ವಲ್ಪ ಆಚೀಚೆ ಬೀಳಿಸುವುದೇ ಜಾಣತನ. ಗಾಳಿ ಬೀಸುವ ದಿನ ಕೆಲಸ ಮುಂದೂಡಿ. ಬೀಳುವ ದಿಕ್ಕಿಗೆ ಮುಖ ಮಾಡಿ ನಿಂತರೆ ಎಡಕ್ಕೂ ಬಲಕ್ಕೂ ಓರೆಯಾಗಿ ಹಿಂದೆ ಸರಿಯುವ ಎರಡು ದಾರಿ ಬೇಕು. ಅಲ್ಲಿನ ಕಲ್ಲು, ಪೊದೆ, ಕಡಿದ ಕೊಂಬೆಗಳನ್ನು ಮೊದಲೇ ಸವರಿ 15 ಅಡಿ ತೆರವು ಮಾಡಿ. ಈ ದಾರಿ ಮಾಡದೆ ಮಿಷನ್ ಶುರು ಮಾಡಬೇಡಿ.

ಕಡಿಯುವುದು ಮೂರು ಕೊಯ್ತಗಳಲ್ಲಿ. ಮರ ಬೀಳಬೇಕಾದ ಕಡೆಗೆ ಮೊದಲು ಬಾಯಿ ತೆಗೆಯಬೇಕು. ಮೇಲಿನಿಂದ ಓರೆಯಾಗಿ ಒಂದು ಕೊಯ್ತ, ಅದನ್ನು ಸಂಧಿಸುವಂತೆ ಕೆಳಗೆ ಮಟ್ಟಸವಾಗಿ ಇನ್ನೊಂದು. ಬಾಯಿಯ ಆಳ ಕಾಂಡದ ಅಡ್ಡಳತೆಯ ಐದರಲ್ಲೊಂದರಿಂದ ನಾಲ್ಕರಲ್ಲೊಂದು ಪಾಲು, ತೆರೆದ ಕೋನ ಸುಮಾರು 45 ಡಿಗ್ರಿ. ಕಾಂಡ ಒಂದು ಅಡಿ ದಪ್ಪ ಇದ್ದರೆ ಎರಡೂವರೆಯಿಂದ ಮೂರು ಇಂಚು ಆಳ. ಎರಡೂ ಕೊಯ್ತಗಳು ಒಂದೇ ಗೆರೆಯಲ್ಲಿ ಕೂಡಬೇಕು; ಒಂದು ಇನ್ನೊಂದನ್ನು ದಾಟಿ ಒಳಹೋದರೆ ಕೀಲು ಅಲ್ಲೇ ದುರ್ಬಲವಾಗುತ್ತದೆ. ಆ ಚಕ್ಕೆ ಬಿದ್ದ ಮೇಲೆ, ಬಾಯಿಯ ಒಳಗೆರೆಗೆ ಲಂಬವಾಗಿ ನಿಂತು ನೋಡಿದರೆ ಮರ ಬೀಳುವ ದಿಕ್ಕು ಕಾಣುತ್ತದೆ. ತಪ್ಪಿದ್ದರೆ ಈಗಲೇ ಸರಿಮಾಡಿ, ಆಮೇಲೆ ಅವಕಾಶ ಇಲ್ಲ.

ಮೂರನೆಯದು ಹಿಂದಿನ ಕೊಯ್ತ. ಬಾಯಿಯ ತಳಮಟ್ಟಕ್ಕಿಂತ ಒಂದರಿಂದ ಎರಡು ಇಂಚು ಮೇಲೆ, ಮಟ್ಟಸವಾಗಿ, ಬಾಯಿಯ ಕಡೆಗೆ ಕೊಯ್ಯುತ್ತಾ ಬನ್ನಿ. ಎಲ್ಲವನ್ನೂ ಕೊಯ್ದು ಮುಗಿಸಬಾರದು. ಮಧ್ಯದಲ್ಲಿ ಅಡ್ಡಳತೆಯ ಹತ್ತರಲ್ಲೊಂದು ಪಾಲು, ಒಂದು ಅಡಿಯ ಮರಕ್ಕೆ ಒಂದು ಇಂಚು ಮೇಲ್ಪಟ್ಟು, ಪಟ್ಟಿಯಂತೆ ಉಳಿಯಬೇಕು. ಬಾಗಿಲಿಗೆ ಬಿಜಾಗರಿ ಇದ್ದಂತೆ ಈ ಪಟ್ಟಿಯೇ ಮರದ ಕೀಲು. ಮರ ನಿಧಾನವಾಗಿ, ನೀವು ತೋರಿಸಿದ ಕಡೆಗೇ ಮಲಗುವಂತೆ ಮಾಡುವುದು ಅದೊಂದೇ. ಕೀಲನ್ನು ಪೂರ್ತಿ ಕೊಯ್ದವರ ಮರ ಬುಡದಿಂದ ಜಾರಿ, ತಿರುಗಿ, ಮನಸ್ಸು ಬಂದ ಕಡೆ ಬೀಳುತ್ತದೆ. ಕೊಯ್ತ ಅರ್ಧಕ್ಕಿಂತ ಒಳಗೆ ಹೋದ ಕೂಡಲೇ ಹಿಂದೆ ಪ್ಲಾಸ್ಟಿಕ್ ಅಥವಾ ಗಟ್ಟಿಮರದ ಬೆಣೆ ಹೊಡೆಯಿರಿ. ಕಬ್ಬಿಣದ ಬೆಣೆ ಇಲ್ಲಿ ಬೇಡ, ಚೈನ್ ತಾಗಿದರೆ ಹಲ್ಲು ಹಾರುತ್ತದೆ. ಬೆಣೆ ಇಲ್ಲದಿದ್ದರೆ ಮರ ಹಿಂದಕ್ಕೆ ಕೂತು ಬಾರನ್ನು ಕಚ್ಚಿಕೊಳ್ಳುತ್ತದೆ.

ತುದಿ ಅಲುಗಾಡಿ ಕೊಯ್ತ ಬಾಯಿಬಿಡುತ್ತಿದ್ದಂತೆ ಮಿಷನ್ ನಿಲ್ಲಿಸಿ, ಮೊದಲೇ ಮಾಡಿಟ್ಟ ದಾರಿಯಲ್ಲಿ ಓರೆಯಾಗಿ ಹಿಂದೆ ಸರಿಯಿರಿ. ಮರ ನೆಲಕ್ಕೆ ಬಿದ್ದ ಮೇಲೂ ಅರ್ಧ ನಿಮಿಷ ಮೇಲೇ ನೋಡುತ್ತಿರಿ. ಪಕ್ಕದ ಮರಗಳಲ್ಲಿ ಸಿಕ್ಕಿ ನೇತಾಡುವ ಕೊಂಬೆ ಉದುರುವುದು ಆ ಹೊತ್ತಿನಲ್ಲೇ.

ಹೆಚ್ಚು ವಾಲಿದ ಮರದ ಹಿಂಬದಿಯ ನಾರು ಬಿಗಿದ ಬಿಲ್ಲಿನಂತಿರುತ್ತದೆ. ಹಿಂದಿನ ಕೊಯ್ತ ನಡೆಯುವಾಗಲೇ ಕಾಂಡ ಉದ್ದಕ್ಕೆ ಸೀಳಿ, ಹಿಂದಿನ ಅರ್ಧ ಆಳೆತ್ತರಕ್ಕೆ ಎದ್ದು ಹೊಡೆಯುತ್ತದೆ. ಸಲೀಸಾಗಿ ಸೀಳುವ ಸಿಲ್ವರ್ ಓಕ್, ಅಕೇಶಿಯಾಗಳಲ್ಲಿ ಈ ಭಯ ಹೆಚ್ಚು. ಹಾಗಾಗಿ ಒಲೆಗೆ ಒಳ್ಳೆಯ ಮರವೆಂದು ವಾಲಿದ್ದನ್ನು ಆರಿಸಿಕೊಳ್ಳಬೇಡಿ.

ಮರ ಅರ್ಧಕ್ಕೆ ಬಿದ್ದು ಇನ್ನೊಂದರ ಕವಲಿಗೆ ತೊಡರಿಕೊಂಡರೆ ಅದರ ಕೆಳಗೆ ಹೋಗಬಾರದು, ಆಧಾರವಾಗಿ ನಿಂತ ಮರವನ್ನು ಕಡಿಯಬಾರದು, ಮೇಲೆ ಹತ್ತಿ ಕುಣಿಯಬಾರದು. ಬುಡಕ್ಕೆ ಉದ್ದ ಹಗ್ಗ ಕಟ್ಟಿ, ದೂರದಿಂದ ಬಿದ್ದ ದಿಕ್ಕಿಗೆ ಎದುರಾಗಿ ಎಳೆಯಿರಿ, ಇಲ್ಲವೇ ಹಾರೆ ಕೊಟ್ಟು ಕಾಂಡವನ್ನು ಉರುಳಿಸಿ. ಬರದಿದ್ದರೆ ಸುತ್ತ ಹಗ್ಗ ಕಟ್ಟಿ ಜನ, ದನ ಬಾರದಂತೆ ಮಾಡಿ ಕೆಲಸ ಬಲ್ಲವರನ್ನು ಕರೆಯಿರಿ.

ಸವರುವುದು, ತುಂಡು ಮಾಡುವುದು, ಸೀಳುವುದು

ಕೊಂಬೆ ಸವರುವಾಗ ಕಾಂಡ ನಿಮ್ಮ ಮತ್ತು ಕೊಡಲಿಯ ನಡುವೆ ಇರಲಿ. ಬುಡದಿಂದ ತುದಿಯ ಕಡೆಗೆ ಸಾಗಿ. ಇಳಿಜಾರಿನಲ್ಲಿ ಯಾವಾಗಲೂ ಮೇಲಿನ ಬದಿಯಲ್ಲಿ ನಿಲ್ಲಿ, ಆಧಾರದ ಕೊಂಬೆ ತುಂಡಾದೊಡನೆ ದಿಮ್ಮಿ ಕೆಳಕ್ಕೆ ಉರುಳುತ್ತದೆ. ಹೆಬ್ಬೆರಳಿಗಿಂತ ಸಣ್ಣ ಜಿಗ್ಗನ್ನು ಕಟ್ಟು ಮಾಡಿ ಬೇರೆ ಇಡಿ. ಮಳೆಗಾಲದಲ್ಲಿ ಬೆಂಕಿ ಹೊತ್ತಿಸಲು ದಪ್ಪ ಸೌದೆಗಿಂತ ಇದೇ ಹೆಚ್ಚು ಬೇಕಾಗುತ್ತದೆ, ಜನ ಮರೆಯುವುದೂ ಇದನ್ನೇ. ಸೊಪ್ಪು ಅಡಕೆ ಬುಡಕ್ಕೆ.

ಎರಡೂ ತುದಿ ಆತು, ನಡುವೆ ಗಾಳಿಯಲ್ಲಿರುವ ದಿಮ್ಮಿಯನ್ನು ಮೇಲಿನಿಂದ ಕೊಯ್ದರೆ ಬಾರ್ ಕಚ್ಚಿಕೊಳ್ಳುತ್ತದೆ. ಮೇಲೆ ಮೂರರಲ್ಲೊಂದು ಪಾಲು ಕೊಯ್ದು, ಉಳಿದದ್ದನ್ನು ಕೆಳಗಿನಿಂದ ಮುಗಿಸಿ. ಒಂದೇ ತುದಿ ಆತುಕೊಂಡಿದ್ದರೆ ಇದರ ತಿರುಗುಮುರುಗು. ಕೆಳಗೆ ಅಡ್ಡ ದಿಮ್ಮಿ ಹಾಕಿ ನೆಲದಿಂದ ಎತ್ತಿಕೊಳ್ಳಿ. ಚೈನ್ ಒಂದೇ ಒಂದು ಸಲ ಮಣ್ಣಿಗೆ ತಾಗಿದರೂ ಅರ ಹಾಕುವ ಕೆಲಸ ಮತ್ತೆ ಮೊದಲಿಂದ.

ಬಚ್ಚಲೊಲೆಗೆ ಒಂದೂವರೆ ಅಡಿ ಉದ್ದ, ಅಡುಗೆ ಒಲೆಗೆ ಒಂದು ಅಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ ಅಸ್ತ್ರ ಒಲೆ ಇರುವ ಮನೆಗಳಲ್ಲಿ ಇನ್ನೂ ಸಣ್ಣ ಚೂರು ಬೇಕು. ಬಾಯಿ ಮುಚ್ಚುವಷ್ಟು ದಪ್ಪ ಸೌದೆ ತುರುಕಿದರೆ ಆ ಒಲೆಯ ಗುಣವೇ ಹೋಗುತ್ತದೆ. ಕತ್ತರಿಸುವ ಮುನ್ನ ನಿಮ್ಮ ಒಲೆಯ ಆಳ ಅಳೆದು, ಅಷ್ಟೇ ಉದ್ದದ ಅಳತೆಕೋಲು ಇಟ್ಟುಕೊಳ್ಳಿ. ಎಲ್ಲ ತುಂಡುಗಳೂ ಒಂದೇ ಉದ್ದವಿದ್ದರೆ ಒಟ್ಟಲೂ ಸುಲಭ. ಒಂದು ಅಡಿ ದಪ್ಪ, ಒಂದೂವರೆ ಅಡಿ ಉದ್ದದ ಹಸಿ ಅಕೇಶಿಯಾ ತುಂಡು 30 ಕಿಲೋ ದಾಟುತ್ತದೆ. ಸೊಂಟ ಬಗ್ಗಿಸಿ ಎತ್ತದೆ ಉರುಳಿಸಿಕೊಂಡು ಹೋಗಿ.

ಸೀಳುವುದು ಕಡಿದ ವಾರದೊಳಗೆ ಮುಗಿಯಬೇಕು. ತೊಗಟೆ ಸಮೇತ ದುಂಡಗೆ ಬಿಟ್ಟ ತುಂಡಿನ ನೀರು ಎರಡು ತುದಿಗಳಿಂದ ಮಾತ್ರ ಆರುತ್ತದೆ. ಒಂದು ಬೇಸಿಗೆ ಅದಕ್ಕೆ ಸಾಲದು. ಮೊಣಕಾಲಿಗಿಂತ ತುಸು ಕೆಳಗಿನ ಎತ್ತರದ ಅಗಲ ಕೊರಡನ್ನು ಅಡಿಗಿಟ್ಟು, ಅದರ ಆಚೆ ಅಂಚಿಗೆ ತುಂಡನ್ನು ನಿಲ್ಲಿಸಿ. ಪೆಟ್ಟು ತಪ್ಪಿದರೆ ಕೊಡಲಿ ಕೊರಡಿಗೆ ಬೀಳಬೇಕು, ಕಣಕಾಲಿಗಲ್ಲ. ತುದಿಯಲ್ಲಿ ಆಗಲೇ ಬಿರುಕು ಕಂಡರೆ ಅದೇ ಗೆರೆಗೆ ಹೊಡೆಯಿರಿ. ದಪ್ಪ ತುಂಡನ್ನು ನಡುವಿಗೆ ಹೊಡೆದು ಗುದ್ದಾಡುವ ಬದಲು ಅಂಚಿನಿಂದ ಹೋಳು ಹೋಳಾಗಿ ಎಬ್ಬಿಸಿಕೊಂಡು ಬನ್ನಿ. ಗಂಟಿರುವ ತುದಿ ಕೆಳಗಿರಲಿ. ಕವಲಿನ ತುಂಡು ಮೂರು ಪೆಟ್ಟಿಗೆ ಬಾಯಿಬಿಡದಿದ್ದರೆ ಬೆಣೆ ಇಟ್ಟು ಸುತ್ತಿಗೆಯಿಂದ ಹೊಡೆಯಿರಿ, ಇಲ್ಲವೇ ಹಂಡೆಯೊಲೆಯ ಹಿಂಭಾಗಕ್ಕೆ ಹಾಗೇ ಇಡಿ. ರಾತ್ರಿಯಿಡೀ ಕೆಂಡ ಕಾಯಲು ಅದೂ ಬೇಕು. ಬಚ್ಚಲಿಗೆ ಮುಂಗೈ ದಪ್ಪ, ಅಡುಗೆಗೆ ಎರಡು ಬೆರಳು ದಪ್ಪ ಸಾಕು.

ಒಟ್ಟುವುದು, ಒಣಗಿಸುವುದು

ಹಸಿ ಮರದ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ನೀರು. ಅದನ್ನು ನೂರಕ್ಕೆ 20 ಪಾಲಿಗಿಂತ ಕೆಳಗೆ ಇಳಿಸಬೇಕು. ಬಿಸಿಲಿಗಿಂತ ಗಾಳಿ ಇಲ್ಲಿ ಹೆಚ್ಚಿನ ಕೆಲಸ ಮಾಡುತ್ತದೆ. ರಾಶಿ ಸುರಿದ ಸೌದೆಯ ನಡುವಿನದ್ದು ಮೇ ತಿಂಗಳಲ್ಲೂ ಬೆವರುತ್ತಾ ಬೂಸಲು ಹಿಡಿದಿರುತ್ತದೆ. ನೆಲಕ್ಕೆ ಎರಡು ಸಾಲು ಕಲ್ಲು ಅಥವಾ ಸಿಮೆಂಟ್ ಇಟ್ಟಿಗೆ, ಅದರ ಮೇಲೆ ಅಡಕೆ ದಬ್ಬೆ. ನೆಲದಿಂದ ಆರು ಇಂಚು ಎತ್ತರ ಇಲ್ಲದಿದ್ದರೆ ಒರಲೆ ಬಂದೇ ಬರುತ್ತದೆ. ಒಂದೇ ತುಂಡಿನ ಅಗಲಕ್ಕೆ, ಎದೆ ಎತ್ತರ ಮೀರದಂತೆ ಒಟ್ಟಿ. ಎರಡು ಕೊನೆಗಳಲ್ಲಿ ಒಂದು ಸಾಲು ಉದ್ದ, ಒಂದು ಸಾಲು ಅಡ್ಡ ಇಟ್ಟು ಕಂಬದಂತೆ ಕಟ್ಟಿಕೊಂಡರೆ ಊರೆ ಬೇಡ. ಗೋಡೆಗೆ ತಾಗಿಸದೆ ಒಂದು ಗೇಣು ಬಿಡಿ. ಅಕೇಶಿಯಾದ ತೊಗಟೆ ಸುಲಭವಾಗಿ ಬಂದರೆ ಕಿತ್ತುಬಿಡಿ, ನೀರು ಹಿಡಿದಿಡುವುದೂ ಹುಳ ಅಡಗುವುದೂ ಅಲ್ಲೇ.

ಏಪ್ರಿಲ್–ಮೇ ತಿಂಗಳ ಗುಡುಗು ಮಳೆಗೆ ಟಾರ್ಪಾಲು ಹೊದಿಸುವವರು ನೆಲದವರೆಗೆ ಸುತ್ತಿಬಿಡುತ್ತಾರೆ, ಅಲ್ಲಿಗೆ ಒಣಗುವುದು ನಿಂತಿತು. ಮೇಲೊಂದು ತಗಡು ಹೊದಿಸಿ ಕಲ್ಲು ಹೇರಿ, ಬದಿಗಳು ತೆರೆದೇ ಇರಲಿ. ಎರಡು ಮಳೆಗೆ ಬದಿ ತೊಯ್ದರೆ ಎರಡೇ ದಿನದಲ್ಲಿ ಆರುತ್ತದೆ.

ಒಣಗಿತೇ ಎಂದು ತಿಳಿಯಲು ಊಹೆ ಬೇಡ. ಒಟ್ಟುವ ದಿನವೇ ನಾಲ್ಕು ತುಂಡುಗಳಿಗೆ ಗುರುತು ಹಾಕಿ ತೂಗಿ ಬರೆದಿಡಿ, ಹದಿನೈದು ದಿನಕ್ಕೊಮ್ಮೆ ತೂಗಿ. ತೂಕ ಇಳಿಯುವುದು ನಿಂತಾಗ ಆ ಜಾಗದ ಗಾಳಿಗೆ ಎಷ್ಟು ಒಣಗಬಹುದೋ ಅಷ್ಟು ಒಣಗಿದೆ ಎಂದರ್ಥ. ತುದಿಯಲ್ಲಿ ನಕ್ಷತ್ರದಂತೆ ಬಿರುಕು, ಎರಡು ತುಂಡು ಬಡಿದರೆ ಠಣ್ ಎಂಬ ಸದ್ದು, ಇವೂ ಗುರುತುಗಳೇ. ಒಲೆಗಿಟ್ಟಾಗ ತುದಿಯಲ್ಲಿ ನೊರೆ ಬಂದು ಸುಯ್‌ಗುಟ್ಟಿದರೆ ಅದು ಇನ್ನೂ ಹಸಿ. ಅಂಥ ಸೌದೆಯ ಬೆಂಕಿ ಮೊದಲು ನೀರನ್ನು ಕುದಿಸಿ ಓಡಿಸಬೇಕು. ಉರಿ ತಣ್ಣಗಾಗಿ, ಅರ್ಧ ಸುಟ್ಟ ಹೊಗೆ ಮೇಲೆ ಹೋಗಿ ಕೊಳವೆಯಲ್ಲಿ ಅಂಟುವ ಕಿಟ್ಟವಾಗುತ್ತದೆ, ಜಂತೆಗೆ ಇಲ್ಲಣವಾಗುತ್ತದೆ.

ಮೇ ಕೊನೆಯ ವಾರ, ಮಧ್ಯಾಹ್ನದ ಬಿಸಿಲಿನಲ್ಲಿ ಕೊಟ್ಟಿಗೆಗೆ ಸಾಗಿಸಿ. ಬರಿಗೈ ಹಾಕದೆ, ಮೊದಲು ಕೋಲಿನಿಂದ ತಟ್ಟಿ. ಚೇಳು, ಕೊಳಕುಮಂಡಲ, ಕಟ್ಟುಹಾವುಗಳಿಗೆ ಬೇಸಿಗೆಯ ಸೌದೆ ಒಟ್ಟಿಲು ತಂಪಿನ ಜಾಗ. ಈ ವರ್ಷದ್ದು ಹಿಂದೆ, ಹೋದ ವರ್ಷದ ಉಳಿಕೆ ಮುಂದೆ ಬರಲಿ. ಮಲೆನಾಡಿನ ಜುಲೈ ಗಾಳಿಯಲ್ಲಿ ಒಣ ಸೌದೆಯೂ ತೇವ ಕುಡಿಯುತ್ತದೆ. ಆದ್ದರಿಂದ ನಾಳಿನ ನಾಲ್ಕೈದು ದಿನಕ್ಕೆ ಬೇಕಾದಷ್ಟು ಒಲೆಯ ಮೇಲಿನ ಅಟ್ಟದಲ್ಲಿ ಇರಬೇಕು. ಹೊಗೆಯ ಕಾವಿಗೆ ತೇವವೂ ಹೋಗುತ್ತದೆ, ಕುಟ್ಟೆ ಹುಳವೂ ಸಾಯುತ್ತದೆ. ಅಟ್ಟಕ್ಕೂ ಉರಿಗೂ ನಡುವೆ ಆರಡಿ ಅಂತರ ಇರಲಿ, ತೆಂಗಿನ ಗರಿಯಂಥ ಹಗುರದ್ದನ್ನು ಅಲ್ಲಿ ಇಡಬೇಡಿ.

ಕಡಿದ ಜಾಗಕ್ಕೆ

ಅಕೇಶಿಯಾ, ಗಾಳಿಮರಗಳ ಬುಡ ಚಿಗುರುವುದು ಕಡಿಮೆ, ಹೊಸ ಸಸಿಯನ್ನೇ ನೆಡಬೇಕು. ನೀಲಗಿರಿ ಚೆನ್ನಾಗಿ ಚಿಗುರುತ್ತದೆ. ಆದರೆ ಪ್ರತಿ ವರ್ಷ ಮರ ಬೀಳಿಸುವ ಗೋಜೇ ಬೇಡ ಎನ್ನುವವರಿಗೆ ಗೊಬ್ಬರ ಗಿಡ, ಅಂದರೆ ಗ್ಲಿರಿಸಿಡಿಯಾ, ಎಲ್ಲಕ್ಕಿಂತ ಮೇಲು. ಒಂದೂವರೆ ಇಂಚು ದಪ್ಪ, ನಾಲ್ಕೈದು ಅಡಿ ಉದ್ದದ ಬಲಿತ ಗೂಟಗಳನ್ನು ಬೇಲಿಯ ಉದ್ದಕ್ಕೂ ಮೂರು ಅಡಿಗೆ ಒಂದರಂತೆ, ಜೂನ್ ಮೊದಲ ಮಳೆಗೆ ಒಂದು ಅಡಿ ಆಳಕ್ಕೆ ನೆಡಿ. ಮೇಲಿನ ತುದಿ ಓರೆಯಾಗಿ ಕತ್ತರಿಸಿರಲಿ, ನೀರು ನಿಲ್ಲಬಾರದು. ಮೊದಲ ಎರಡು ವರ್ಷ ಕತ್ತಿ ತಾಗಿಸಬೇಡಿ. ಮೂರನೆಯ ವರ್ಷದಿಂದ ಡಿಸೆಂಬರ್‌ನಲ್ಲಿ ಸೊಂಟದೆತ್ತರಕ್ಕೆ ಸವರಿದರೆ ಸೊಪ್ಪು ತೋಟಕ್ಕೆ, ಮುಂಗೈ ದಪ್ಪದ ಕೊಂಬೆ ಒಲೆಗೆ. ಸೀಳುವ ಕೆಲಸವೂ ಇಲ್ಲ, ಕತ್ತಿಯೊಂದೇ ಸಾಕು.